ಜಾತ್ರೆಯಲ್ಲಿ ತಿಂದ ಊಟದ ಲೆಕ್ಕ

ಕೇಳುಗರಿಗೆ ನಮಸ್ಕಾರ. ವಿಡಿಯೊ ಗೇಮ್ ಅಂದ ಕೂಡಲೇ ರೇಡಿಯೊ ಆರಿಸಬೇಡಿ. ಮಕ್ಕಳು ಆಡುವುದನ್ನು ನೋಡಿ ಬೇಸರಪಡುವ ಅಪ್ಪ ಅಮ್ಮಂದಿರೇ, ನೀವೇ ಈ ಮಾತು ಕೇಳಬೇಕು. ನಾನು ಬಂದಿರುವುದು ಕಥೆಯ ಬಗ್ಗೆ ಮಾತಾಡಲು.

1995ರಲ್ಲಿ ಜಪಾನಿನ ಸ್ಕ್ವೇರ್ ಕಂಪನಿ 'ಕ್ರೋನೊ ಟ್ರಿಗರ್' ಎಂಬ ಆಟ ತಂದಿತು. ಆಗಲೇ ಹೆಸರು ಮಾಡಿದ್ದ ಆಟ ತಯಾರಕರಾದ ಹಿರೊನೊಬು ಸಕಾಗುಚಿ, ಯೂಜಿ ಹೊರಿ, ಚಿತ್ರಕಾರ ಅಕಿರಾ ತೊರಿಯಾಮಾ ಮೂವರೂ ಕೈ ಜೋಡಿಸಿದ್ದ ಆಟ ಅದು. ಕ್ರೋನೊ ಎಂಬ ಹುಡುಗ ಡೈನೋಸಾರ್ ಕಾಲಕ್ಕೂ ಹೋಗುತ್ತಾನೆ, 2300ನೇ ಇಸವಿಯ ಹಾಳುಬಿದ್ದ ಭೂಮಿಗೂ ಹೋಗುತ್ತಾನೆ. 1999ರಲ್ಲಿ ಲಾವೋಸ್ ಎಂಬ ದೈತ್ಯ ಜೀವಿ ನೆಲ ಸೀಳಿಕೊಂಡು ಬಂದು ಲೋಕವನ್ನು ಸುಡುತ್ತದೆ. ಅದನ್ನು ತಡೆಯಬೇಕು. ಇಷ್ಟೇ ಆಗಿದ್ದರೆ ನಾನು ಇವತ್ತು ಇಲ್ಲಿಗೆ ಬರುತ್ತಿರಲಿಲ್ಲ. ಈ ಕಥೆ ನೀವು ಮಾಡಿದ್ದನ್ನು ನೆನಪಿಟ್ಟುಕೊಳ್ಳುತ್ತದೆ. ಅದೇ ಇದರ ಹೆಚ್ಚುಗಾರಿಕೆ.

ಆಟ ಶುರುವಾಗುವುದು 1000ನೇ ಇಸವಿಯ ಒಂದು ಜಾತ್ರೆಯಲ್ಲಿ. ಕ್ರೋನೊಗೆ ಮಾರ್ಲ್ ಎಂಬ ಹುಡುಗಿ ಡಿಕ್ಕಿ ಹೊಡೆಯುತ್ತಾಳೆ. ಇಬ್ಬರೂ ಬೀಳುತ್ತಾರೆ, ಅವಳ ಸರದ ಪದಕ ದೂರ ಹೋಗಿ ಬೀಳುತ್ತದೆ. ಅಲ್ಲೇ ಒಂದು ಮೇಜಿನ ಮೇಲೆ ಯಾರದೋ ಊಟದ ಗಂಟು ಇದೆ. ಬಟನ್ ಒತ್ತಿದರೆ ತಿನ್ನಬಹುದು. ಪುಟ್ಟ ಹುಡುಗಿಯೊಬ್ಬಳ ಬೆಕ್ಕು ಕಳೆದುಹೋಗಿದೆ. ಆಟದಲ್ಲಿ ಇವೆಲ್ಲ ಮಾಮೂಲು, ಅಲ್ವಾ? ನಾನು ಮೊದಲ ಸಲ ಆಡಿದಾಗ ಓಡಿಹೋಗಿ ಪದಕ ಎತ್ತಿಕೊಂಡೆ. ಊಟ ತಿಂದೆ. ಬೆಕ್ಕಿನ ಕಡೆ ತಿರುಗಿಯೂ ನೋಡಲಿಲ್ಲ.

ಎಷ್ಟೋ ಹೊತ್ತಾದ ಮೇಲೆ ಕ್ರೋನೊನನ್ನು ಕೋರ್ಟಿಗೆ ಎಳೆಯುತ್ತಾರೆ. ಮಾರ್ಲ್ ರಾಜಕುಮಾರಿಯಂತೆ. ಅವಳನ್ನು ಅಪಹರಿಸಿದ ಆರೋಪ. ಆಗ ಸಾಕ್ಷಿ ಹೇಳಲು ಬಂದರು ನೋಡಿ! ಊಟ ಕಳೆದುಕೊಂಡ ಮುದುಕ ಬಂದು ನಿಂತ. ಬಿದ್ದ ಹುಡುಗಿಯನ್ನು ವಿಚಾರಿಸುವ ಮೊದಲೇ ನಾನು ಪದಕಕ್ಕೆ ಕೈ ಹಾಕಿದ್ದೂ ಅಲ್ಲಿ ಎದ್ದಿತು. ನನಗೆ ಮೈ ಜುಂ ಅಂತು. ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದೆ, ಕಥೆ ನೋಡುತ್ತಿತ್ತು. ಆಟ ಮತ್ತೆ ಮೊದಲಿಂದ ಶುರು ಮಾಡಿ, ಬೆಕ್ಕನ್ನು ಹುಡುಕಿಕೊಟ್ಟೆ. ಅದೇ ಪುಟ್ಟ ಹುಡುಗಿ ಕೋರ್ಟಿಗೆ ಬಂದು ನನ್ನ ಪರವಾಗಿ ಮಾತಾಡಿದಳು.

ಪುಸ್ತಕದಲ್ಲಿ ನಾಯಕ ತಪ್ಪು ಮಾಡಿದರೆ ನಾವು ಓದುತ್ತೇವೆ. ಇಲ್ಲಿ ತಪ್ಪು ನಮ್ಮ ಕೈಯಿಂದಲೇ ಆಗಿರುತ್ತದೆ. 'ಆಟದಲ್ಲಿ ಎಂಥ ಕಥೆ' ಎಂದು ಸುಮ್ನೆ ತಳ್ಳಿಹಾಕುವವರು ಆ ಕಟಕಟೆಯಲ್ಲಿ ಒಮ್ಮೆ ನಿಲ್ಲಬೇಕು.

ಸಮಯ ಮುಗಿಯುತ್ತಾ ಬಂತು. ಯಸುನೊರಿ ಮಿತ್ಸುದಾ ಅವರ ಸಂಗೀತದ ಬಗ್ಗೆ ಹೇಳಲು ಆಗುತ್ತಿಲ್ಲ. ರೋಬೊ ಬಗ್ಗೆ ಮಾತ್ರ ಹೇಳಿಯೇ ಹೋಗುತ್ತೇನೆ. 600ನೇ ಇಸವಿಯ ಮರಳುಗಾಡಿನಲ್ಲಿ ಫಿಯೋನಾ ಎಂಬ ಹೆಂಗಸು ಕಾಡು ಬೆಳೆಸಲು ಹೆಣಗುತ್ತಿರುತ್ತಾಳೆ. ರೋಬೊ ಎಂಬ ಯಂತ್ರಮಾನವ ಗೆಳೆಯನನ್ನು ಅವಳ ನೆರವಿಗೆ ಬಿಟ್ಟು ಹೊರಡುತ್ತೇವೆ. 1000ನೇ ಇಸವಿಗೆ ಹಾರಿ ಬಂದರೆ ಅದೇ ಜಾಗದಲ್ಲಿ ದಟ್ಟ ಕಾಡು, ನಡುವೆ ಒಂದು ಗುಡಿ. ಗುಡಿಯೊಳಗೆ ರೋಬೊ, ನಿಂತುಹೋದ ಯಂತ್ರವಾಗಿ. ನಮಗೆ ಒಂದು ನಿಮಿಷ ಕಳೆದಿದೆ, ಅವನು 400 ವರ್ಷ ಗಿಡ ನೆಟ್ಟಿದ್ದಾನೆ. ಅವನನ್ನು ರಿಪೇರಿ ಮಾಡಿ, ಆ ರಾತ್ರಿ ಅದೇ ಮರಗಳ ಕೆಳಗೆ ಬೆಂಕಿ ಹಾಕಿಕೊಂಡು ಎಲ್ಲರೂ ಕೂರುತ್ತಾರೆ.

ಈ ಆಟ ಈಗ ಫೋನಿನಲ್ಲೂ ಸಿಗುತ್ತದೆ. ಆಡಿ. ಜಾತ್ರೆಯಲ್ಲಿ ಅವಸರ ಮಾಡಬೇಡಿ. ನಮಸ್ಕಾರ.