ಬಾಗಿಲು ಮುಚ್ಚಿದ ಕೈ: ‘ಅಂಡರ್‌ವಾಟರ್’ ಪರವಾಗಿ

ಎಲ್ಲರಿಗೂ ನಮಸ್ಕಾರ. ಸಿನಿಮಾ ಮುಗಿದ ಮೇಲೂ ಎದ್ದು ಹೋಗದೆ ಕೂತಿದ್ದೀರಿ, ತುಂಬಾ ಸಂತೋಷ. ಈ ಚಿತ್ರದ ಬಗ್ಗೆ ಮಾತಾಡಬೇಕು ಅಂತ ಬಹಳ ದಿನದಿಂದ ಮನಸ್ಸಿನಲ್ಲಿತ್ತು.

ವಿಲಿಯಂ ಯೂಬ್ಯಾಂಕ್ ನಿರ್ದೇಶಿಸಿದ ಈ ಚಿತ್ರ ಅಮೆರಿಕದಲ್ಲಿ ತೆರೆಗೆ ಬಂದದ್ದು 2020ರ ಜನವರಿ 10ರಂದು. ಚಿತ್ರೀಕರಣ ಮಾತ್ರ 2017ರಲ್ಲೇ ಆಗಿತ್ತು, ನ್ಯೂ ಆರ್ಲಿಯನ್ಸ್‌ನಲ್ಲಿ. ನಡುವಿನ ವರ್ಷಗಳಲ್ಲಿ ಅದು ಡಬ್ಬದಲ್ಲೇ ಇತ್ತು. ಅಷ್ಟರಲ್ಲಿ ಫಾಕ್ಸ್ ಕಂಪನಿಯ ಸಿನಿಮಾ ವ್ಯವಹಾರ ಡಿಸ್ನಿ ಕೈಗೆ ಹೋಯಿತು. ಅಮೆರಿಕದಲ್ಲಿ ಜನವರಿ ಅಂದರೆ ಯಾರಿಗೂ ಹೆಚ್ಚು ಭರವಸೆ ಇಲ್ಲದ ಚಿತ್ರಗಳನ್ನು ಬಿಡುವ ತಿಂಗಳು. ಖರ್ಚಾದದ್ದು ಕಡಿಮೆ ಅಂದರೂ 5 ಕೋಟಿ ಡಾಲರ್. ಪ್ರಪಂಚದ ಎಲ್ಲ ಕಡೆ ಸೇರಿ ಟಿಕೆಟ್‌ನಿಂದ ಬಂದದ್ದು ಸುಮಾರು 4 ಕೋಟಿ. ಅಲ್ಲಿಗೆ ಕಥೆ ಮುಗಿಯಿತು ಅಂದುಕೊಂಡರು.

ಬಂದ ಆಕ್ಷೇಪ ಮುಖ್ಯವಾಗಿ ಎರಡು. ಇದು 1979ರ ‘ಏಲಿಯನ್’ನ ನಕಲು, ಆಕಾಶದ ಬದಲು ಸಮುದ್ರ ಇಟ್ಟಿದ್ದಾರೆ ಅನ್ನುವುದು ಒಂದು. ಪಾತ್ರಗಳ ಪರಿಚಯವೇ ಆಗುವುದಿಲ್ಲ, ಯಾರು ಸತ್ತರೂ ನಮಗೇನೂ ಅನಿಸುವುದಿಲ್ಲ ಅನ್ನುವುದು ಇನ್ನೊಂದು. ಮೊದಲನೆಯದರಲ್ಲಿ ಸತ್ಯ ಇದೆ. ದುಡಿಯುವ ಹೆಣ್ಣು, ದುರಾಸೆಯ ಕಂಪನಿ, ಕತ್ತಲ ಕಾರಿಡಾರು, ಎಲ್ಲದರಲ್ಲೂ ಆ ಹಳೆಯ ಚಿತ್ರದ ಋಣ ಇದೆ. ಋಣ ಇಟ್ಟುಕೊಂಡೇ ಒಳ್ಳೆಯ ಸಿನಿಮಾ ಮಾಡಿದವರು ಬೇಕಾದಷ್ಟು ಜನ ಇದ್ದಾರೆ. ನನಗೆ ನೋವಾಗುವುದು ಎರಡನೆಯ ಮಾತಿಗೆ. ಪರಿಚಯ ಆಗುವುದಿಲ್ಲ ಅನ್ನುವವರು ನಾಯಕಿ ನೋರಾಳ ಕೈ ನೋಡಿಲ್ಲ.

ಮೊದಲ ದೃಶ್ಯ ನೆನಪು ಮಾಡಿಕೊಳ್ಳಿ. ಮರಿಯಾನಾ ಕಂದಕದ ತಳದಲ್ಲಿ ಕೆಪ್ಲರ್ ಅನ್ನುವ ಕೊರೆಯುವ ಕೇಂದ್ರ. ನೋರಾ ಪಾತ್ರದ ಕ್ರಿಸ್ಟನ್ ಸ್ಟೂವರ್ಟ್ ಬಚ್ಚಲಲ್ಲಿ ಒಬ್ಬಳೇ ನಿಂತು ಹಲ್ಲುಜ್ಜುತ್ತಿದ್ದಾಳೆ. ಕತ್ತರಿಸಿದ ಕೂದಲು, ನಿದ್ದೆಗೆಟ್ಟ ಕಣ್ಣು. ಸಿಂಕಿನಲ್ಲಿ ಉದ್ದ ಕಾಲಿನ ಒಂದು ಸಣ್ಣ ಜೇಡ ಕಾಣುತ್ತದೆ. ಸಮುದ್ರದ ತಳಕ್ಕೆ ಅದು ಹೇಗೆ ಬಂತೋ! ನಲ್ಲಿ ತಿರುಗಿಸಿದರೆ ಕೊಚ್ಚಿಕೊಂಡು ಹೋಗುತ್ತದೆ. ಅವಳು ಹಾಗೆ ಮಾಡುವುದಿಲ್ಲ, ಕಾಪಾಡುತ್ತಾಳೆ. ಒಂದು ಮಾತಿಲ್ಲ. ಆಮೇಲೆ ಮೇಲಿನಿಂದ ತೊಟ್ಟು ತೊಟ್ಟಾಗಿ ನೀರು. ಅವಳು ತಲೆ ಎತ್ತುತ್ತಾಳೆ. ಅವಳು ಮೆಕ್ಯಾನಿಕಲ್ ಎಂಜಿನಿಯರ್. ಆ ಜಾಗದಲ್ಲಿ ನೀರು ತೊಟ್ಟಿಕ್ಕಬಾರದು ಅಂತ ಅವಳಿಗೆ ಗೊತ್ತು. ನಮಗಿಂತ ಒಂದು ಕ್ಷಣ ಮುಂಚೆ ಅವಳ ಮುಖಕ್ಕೆ ಅರ್ಥವಾಗುತ್ತದೆ. ಗೋಡೆ ಒಡೆದು ನೀರು ನುಗ್ಗುತ್ತದೆ. ಆಮೇಲೆ ಓಟ.

ಓಡಿ ಹೋಗಿ ಅವಳು ಮಾಡುವ ಮೊದಲ ಕೆಲಸ ಏನು? ಬಾಗಿಲು ಮುಚ್ಚುವುದು. ಅತ್ತ ಕಡೆಯಿಂದ ಜೊತೆಯವರು ಓಡಿ ಬರುತ್ತಿದ್ದಾರೆ. ಅವರಿಗಾಗಿ ಕಾದರೆ ಎಲ್ಲರೂ ಹೋಗುತ್ತಾರೆ. ಅವಳು ಮುಚ್ಚುತ್ತಾಳೆ. ಜೇಡವನ್ನು ಕಾಪಾಡಿದ ಅದೇ ಕೈಯಿಂದ.

ಇನ್ನೇನು ಪರಿಚಯ ಬೇಕು ಹೇಳಿ? ಅವಳ ಊರು, ಓದು, ಬಾಲ್ಯ ಇದಕ್ಕಿಂತ ಜಾಸ್ತಿ ಏನು ಹೇಳುತ್ತಿತ್ತು? ಕ್ಯಾಪ್ಟನ್‌ಗೆ ಒಬ್ಬ ಮಗಳಿದ್ದಳು, ನೋರಾಗೆ ಮದುವೆಯಾಗಬೇಕಿದ್ದವನೊಬ್ಬ ಇದ್ದ, ಇಬ್ಬರೂ ಈಗಿಲ್ಲ ಅನ್ನುವುದು ನಂತರ ಅಲ್ಲೊಂದು ಇಲ್ಲೊಂದು ಮಾತಿನಲ್ಲಿ ತಿಳಿಯುತ್ತದೆ. ಅಪಾಯದ ನಡುವೆ ಜನ ಹಾಗೇ ಅಲ್ವಾ ಮಾತಾಡುವುದು? ಕೂತು ಕಥೆ ಹೇಳಲು ಯಾರಿಗೆ ಪುರುಸೊತ್ತು?

ಆ ಆಳದ ಬಗ್ಗೆಯೂ ಒಂದು ಮಾತು ಹೇಳಬೇಕು. ನೀರಿನಲ್ಲಿ ಪ್ರತಿ 10 ಮೀಟರ್ ಇಳಿದರೆ ಒಂದು ವಾತಾವರಣದಷ್ಟು ಒತ್ತಡ ಸೇರುತ್ತದೆ. ಮರಿಯಾನಾ ಕಂದಕದ ಅತಿ ಆಳದ ಜಾಗ ಸುಮಾರು 10,900 ಮೀಟರ್. ಅಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಒಂದು ಟನ್‌ಗೂ ಜಾಸ್ತಿ ಭಾರ ಬೀಳುತ್ತದೆ, ಉಗುರಿನ ಮೇಲೆ ಒಂದು ಕಾರು ಇಟ್ಟ ಹಾಗೆ. 1960ರಲ್ಲಿ ಝಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಮೊದಲ ಸಲ ಅಲ್ಲಿಗೆ ಇಳಿದಾಗ ದಪ್ಪ ಉಕ್ಕಿನ ಗೋಳದೊಳಗೆ ಮುದುರಿ ಕೂತಿದ್ದರು. 2023ರ ಜೂನ್‌ನಲ್ಲಿ ಟೈಟಾನಿಕ್ ಅವಶೇಷ ನೋಡಲು ಹೊರಟ ಟೈಟನ್ ನೌಕೆ ಒತ್ತಡಕ್ಕೆ ಕುಸಿದು ಐದು ಜನ ಸತ್ತರು. ಟೈಟಾನಿಕ್ ಇರುವುದು ಸುಮಾರು 3,800 ಮೀಟರ್ ಆಳದಲ್ಲಿ. ಕುಸಿದ ಕೇಂದ್ರ ಬಿಟ್ಟು ಈ ಚಿತ್ರದ ಜನ ನಡೆಯುವುದು ಅದರ ಹೆಚ್ಚುಕಡಿಮೆ ಮೂರು ಪಟ್ಟು ಆಳದಲ್ಲಿ, ಮೈಮೇಲೆ ಒಂದು ಸೂಟು ಹಾಕಿಕೊಂಡು. ಅಂಥ ಸೂಟು ಇನ್ನೂ ಯಾರ ಹತ್ತಿರವೂ ಇಲ್ಲ, ಅದು ಕಲ್ಪನೆ. ಆದರೆ ಒತ್ತಡದ ಭಯ ನಿಜ. ನೋರಾಳ ಜೊತೆಗಾರ ರೊಡ್ರಿಗೋನ ಹೆಲ್ಮೆಟ್ ಒಡೆಯುವ ಕ್ಷಣ ನೋಡಿದಿರಲ್ಲ? ಆಗಿನ್ನೂ ಸಮುದ್ರದ ತಳದ ಆ ವಿಚಿತ್ರ ಪ್ರಾಣಿಗಳಲ್ಲಿ ಒಂದೂ ಅವರ ಮೈಮೇಲೆ ಬಿದ್ದಿಲ್ಲ. ನೀರೇ ಕೊಲ್ಲುತ್ತದೆ.

ಹೊರಗಿನ ದೃಶ್ಯಗಳಲ್ಲಿ ನೀವು ಕಂಡ ಸಮುದ್ರ ಬಹುಪಾಲು ನೀರೇ ಇಲ್ಲದ ಸೆಟ್‌ನಲ್ಲಿ ತೆಗೆದದ್ದು. ಹೊಗೆ ತುಂಬಿದ್ದಾರೆ, ನಟರನ್ನು ತಂತಿಗೆ ಕಟ್ಟಿದ್ದಾರೆ, ನೀರು, ಕಸ, ಗುಳ್ಳೆ ಎಲ್ಲ ಆಮೇಲೆ ಕಂಪ್ಯೂಟರ್‌ನಲ್ಲಿ ಸೇರಿಸಿದ್ದಾರೆ. ಸೂಟುಗಳು ಮಾತ್ರ ನಿಜವಾದವು, ಹತ್ತಾರು ಕಿಲೋ ತೂಗುವಂಥವು. ಆ ಏದುಸಿರು, ಕಾಲೆಳೆಯುವ ನಡಿಗೆ ಸುಮ್ನೆ ನಟಿಸಿದ್ದಲ್ಲ ಅಂತ ನೋಡಿದರೇ ಗೊತ್ತಾಗುತ್ತದೆ. ಕ್ಯಾಮೆರಾಮನ್ ಬೊಯಾನ್ ಬಜೆಲ್ಲಿ ಬೆಳಕನ್ನು ಎಷ್ಟು ಜಿಪುಣತನದಿಂದ ಕೊಡುತ್ತಾರೆ ನೋಡಿ. ಹೆಲ್ಮೆಟ್ ಒಳಗಿನ ಒಂದು ದೀಪ, ಅದರಲ್ಲಿ ಒಂದು ಮುಖ, ಸುತ್ತ ಏನೂ ಇಲ್ಲ. ಕೆಲವರು ಏನೂ ಕಾಣಿಸಲಿಲ್ಲ ಅಂತ ದೂರಿದರು. ಕೆಲವು ಹೊಡೆದಾಟಗಳಲ್ಲಿ ಆ ದೂರು ಸರಿಯೇ. ನಡಿಗೆಯ ದೃಶ್ಯಗಳಲ್ಲಿ ಮಾತ್ರ ಆ ಕಾಣದಿರುವುದೇ ನನ್ನ ಎದೆ ಹಿಡಿಯಿತು.

ತಂಡದ ಪಾಲ್‌ನ ಜೋಕುಗಳು ಕೆಲವು ಕಡೆ ಜಾಗ ತಪ್ಪಿವೆ. ಅದೇ ತಂಡದ ಎಮಿಲಿಗೆ ಮೊದಲರ್ಧದಲ್ಲಿ ಹೆದರುವುದು ಬಿಟ್ಟು ಇನ್ನೊಂದು ಕೆಲಸ ಕೊಡಬಹುದಿತ್ತು. ಇದನ್ನೆಲ್ಲ ನಾನು ಮುಚ್ಚಿಡುವುದಿಲ್ಲ.

ಕೊನೆಯಲ್ಲಿ ಏಳುವ ಆ ದೈತ್ಯನನ್ನು ನಿರ್ದೇಶಕರೇ ಕ್ತುಲ್ಹು ಅಂತ ಒಪ್ಪಿಕೊಂಡಿದ್ದಾರೆ, ಭಯಾನಕ ಕಥೆಗಳ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ 1928ರ ಕಥೆಯಲ್ಲಿ ತಂದ ಜೀವಿ. ಲವ್‌ಕ್ರಾಫ್ಟ್ ಕಥೆಗಳಲ್ಲಿ ಅಂಥದ್ದನ್ನು ಕಂಡವರಿಗೆ ಹುಚ್ಚು ಹಿಡಿಯುತ್ತದೆ. ನೋರಾಗೆ ಹುಚ್ಚು ಹಿಡಿಯುವುದಿಲ್ಲ. ಅವಳ ಮುಂದೆ ಒಂದು ಲೆಕ್ಕ ಇದೆ: ಉಳಿದವರು ಮೂರು ಜನ, ಮೇಲಕ್ಕೆ ಒಯ್ಯುವ, ಒಬ್ಬರೇ ಕೂರುವ ಪಾಡ್‌ಗಳಲ್ಲಿ ಕೆಲಸ ಮಾಡುವುದು ಎರಡೇ. ಮೊದಲ ದೃಶ್ಯದಲ್ಲೂ ಇದೇ ಲೆಕ್ಕ ಇತ್ತು, ಆಗ ಹೊರಗೆ ಉಳಿದವರು ಬೇರೆಯವರು. ಈ ಸಲ ಅವಳು ಜೊತೆಗಾರ ಸ್ಮಿತ್‌ನನ್ನೂ ಎಮಿಲಿಯನ್ನೂ ಒಳಗೆ ಹತ್ತಿಸಿ ಕಳಿಸುತ್ತಾಳೆ. ತಾನು ಉಳಿಯುತ್ತಾಳೆ. ಪ್ರಾಣಿಗಳು ಪಾಡ್‌ಗಳ ಹಿಂದೆ ಹೋಗುವುದು ಕಂಡಾಗ ಕಂಪನಿಯ ಕೇಂದ್ರವನ್ನು ತನ್ನ ಕೈಯಾರೆ ಸ್ಫೋಟಿಸುತ್ತಾಳೆ. ಆಮೇಲೆ ಪತ್ರಿಕೆಯ ತುಣುಕುಗಳು ಬರುತ್ತವೆ. ಕಂಪನಿ ಬಾಯಿ ಬಿಡುವುದಿಲ್ಲ, ಮತ್ತೆ ಕೊರೆಯಲು ಹೊರಟಿದೆ. ಯಾರ ಗಮನಕ್ಕೂ ಬಾರದಷ್ಟು ಬೇಗ ಅವು ಸರಿದು ಹೋಗುತ್ತವೆ. ನನಗೆ ಇಡೀ ಚಿತ್ರದಲ್ಲಿ ಅತಿ ಸಿಟ್ಟು ಬಂದ ಜಾಗ ಅದು.

95 ನಿಮಿಷದ ಚಿತ್ರ, ಹೊತ್ತೇನೂ ಆಗಿಲ್ಲ. ಆಪರೇಟರ್ ಅಣ್ಣನಿಗೆ ಹೇಳಿದ್ದೇನೆ, ಮೊದಲ ಐದು ನಿಮಿಷ ಇನ್ನೊಮ್ಮೆ ಹಾಕುತ್ತಾರೆ. ಈ ಸಲ ಮುಖ ಬಿಡಿ, ಅವಳ ಕೈ ನೋಡಿ. ದೀಪ ಆರಿಸಿ, ಅಣ್ಣ.