ಗೇಟು ಅನ್ನೋ ಮಾತು ಪ್ರಾರ್ಥನೆಯಲ್ಲಿ ಹೇಳಬಹುದಾ?

(ಬಳ್ಳಾರಿಯಲ್ಲಿ ಸಂಡೇ ಸ್ಕೂಲ್ ಶಿಕ್ಷಕರು ಮತ್ತು ಯೌವನಸ್ಥರ ಕೂಟದ ಮುಂದಾಳುಗಳಿಗೆ ಮಾಡಿದ ಉಪನ್ಯಾಸ)

ಎಲ್ಲರಿಗೂ ವಂದನೆಗಳು.

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತು. ನಿಮಗೆಲ್ಲ ನೆನಪಿರಬೇಕು. ಮರುದಿನ ಭಾನುವಾರ ನಾನು ಗಂಗಾವತಿ ಕಡೆಯ ಒಂದು ಸಣ್ಣ ಸಭೆಯಲ್ಲಿದ್ದೆ. ಪ್ರಾರ್ಥನೆಗೆ ಒಬ್ಬ ಹುಡುಗ ಎದ್ದ. "ಸರ್ವಶಕ್ತನಾದ ತಂದೆಯೇ, ನಿನ್ನ ಘನವಾದ ನಾಮಕ್ಕೆ ಸ್ತೋತ್ರ" ಅಂತ ಶುರು ಮಾಡಿದ. ಎಲ್ಲೂ ತಡವರಿಸಲಿಲ್ಲ. ಆದರೆ ನೀರಿನ ಮಾತೇ ಬರಲಿಲ್ಲ. ಅವರ ಮನೆಯ ಗದ್ದೆ ಕಾಲುವೆ ನೀರನ್ನೇ ನಂಬಿತ್ತು.

ಆಮೇಲೆ ಹಿಂದಿನಿಂದ ಒಬ್ಬ ಅಜ್ಜಿ ಕೂತಲ್ಲೇ ಶುರು ಮಾಡಿದಳು. "ಯಪ್ಪಾ, ತುಂಬಿದ ಡ್ಯಾಮು. ಭತ್ತ ಹಚ್ಚೀವಿ. ನೀ ನೋಡ್ಕೋಂತ ಕುಂತ್ರ ಹೆಂಗ?"

ಕೂಟ ಮುಗಿದ ಮೇಲೆ ಹುಡುಗ ನನ್ನ ಹತ್ತಿರ ಬಂದು ಕೇಳಿದ: "ಸರ್, ಗೇಟು ಅನ್ನೋ ಮಾತು ಪ್ರಾರ್ಥನೆಯಲ್ಲಿ ಹೇಳಬಹುದಾ?"

ತಪ್ಪು ಅವನದಲ್ಲ. ನಾವು ಕಲಿಸಿದ್ದೇ ಹಾಗೆ. ಪ್ರಾರ್ಥನೆಗೆ ಬೇರೆಯೇ ಒಂದು ಕನ್ನಡ ಇದೆ ಅಂತ ಅವನು ತಿಳಿದುಕೊಂಡಿದ್ದಾನೆ. "ಆಶೀರ್ವದಿಸಲ್ಪಡಲಿ", "ನಡೆಸಲ್ಪಡಲಿ". ಮನೆಯಲ್ಲಿ ಯಾರಾದರೂ "ಅವ್ವಾ, ರೊಟ್ಟಿ ಬಡಿಸಲ್ಪಡಲಿ" ಅಂತಾರಾ? ಅಂದರೆ ಅವ್ವ ಹಣೆ ಮುಟ್ಟಿ ಜ್ವರ ನೋಡುತ್ತಾಳೆ.

ಹಳೆಯ ಮಾತನ್ನು ನಾನು ಹಗುರ ಮಾಡುತ್ತಿಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇದೇ ಬಳ್ಳಾರಿಗೆ ಬಂದು, ಕನ್ನಡ ಕಲಿತು ಬೈಬಲ್ ಅನುವಾದಕ್ಕೆ ಕೂತವರು. ಆ ಭಾಷೆಗೆ ಒಂದು ತೂಕ ಇದೆ. ಸಭೆಯೆಲ್ಲ ಒಟ್ಟಿಗೆ ಕರ್ತನ ಪ್ರಾರ್ಥನೆ, ಅಂದರೆ ಯೇಸು ಕಲಿಸಿದ ಪ್ರಾರ್ಥನೆ, ಹೇಳುವಾಗ ಅದೇ ಚೆಂದ. ಆದರೆ ಅದರಲ್ಲೂ ದೇವರನ್ನು "ನೀನು" ಅಂತಲೇ ಕರೆಯುತ್ತೇವೆ, ಗಮನಿಸಿದ್ದೀರಾ? ಹೆಡ್ ಮಾಸ್ಟರಿಗೆ "ನೀವು", ಅವ್ವನಿಗೆ "ನೀ", ದೇವರಿಗೂ "ನೀ". ಕನ್ನಡ ಅರ್ಧ ಕೆಲಸ ಆಗಲೇ ಮಾಡಿಟ್ಟಿದೆ. ಯೇಸು ತನ್ನನ್ನು ಹಿಡಿದುಕೊಂಡು ಹೋಗುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಪ್ರಾರ್ಥಿಸುವಾಗ ದೇವರನ್ನು "ಅಬ್ಬಾ" ಅಂತ ಕರೆದದ್ದು ಬೈಬಲಿನ ಮಾರ್ಕನ ಸುವಾರ್ತೆಯಲ್ಲಿದೆ. ಅದು ಆಗ ಮನೆಯಲ್ಲಿ ಆಡುತ್ತಿದ್ದ ಅರಾಮಿಕ್ ಮಾತು. ನಮ್ಮ "ಅಪ್ಪಾ"ಗೆ ಎಷ್ಟು ಹತ್ತಿರ, ಅಲ್ವಾ?

ಈಗ "ಥ್ಯಾಂಕ್ಸ್" ವಿಷಯಕ್ಕೆ ಬರೋಣ. ಮಕ್ಕಳಿಗೆ ನಾವು "ಕೃತಜ್ಞತೆ ಸಲ್ಲಿಸಿ" ಅನ್ನುತ್ತೇವೆ. ನಮ್ಮ ಮನೆಗಳಲ್ಲಿ ಅವ್ವನಿಗೆ ಯಾರು ಕೃತಜ್ಞತೆ ಸಲ್ಲಿಸುತ್ತಾರೆ? "ಇವತ್ತು ಪಲ್ಯ ಚಲೋ ಆಗಿತ್ತವ್ವ" ಅನ್ನುತ್ತೇವೆ, ಅಷ್ಟೇ. ಅವಳಿಗೆ ಅರ್ಥವಾಗುತ್ತದೆ. ದೇವರಿಗೂ ಹಾಗೇ ಹೇಳಲಿ ಬಿಡಿ: "ಬಸ್ಸಿನಲ್ಲಿ ಸೀಟು ಸಿಕ್ಕಿತು, ಓದಿಕೊಂಡು ಬಂದೆ." ಏನು ಸಿಕ್ಕಿತು ಅಂತ ಹೆಸರಿಟ್ಟು ಹೇಳುವುದೇ ನಮ್ಮಲ್ಲಿ ವಂದನೆ.

ಮುನಿಸೂ ಬೇಕು. ಇದನ್ನು ನಾವು ಕಲಿಸುವುದೇ ಇಲ್ಲ. ಬೈಬಲಿನ 13ನೇ ಕೀರ್ತನೆ ತೆಗೆದು ನೋಡಿ. ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತಲೇ ಶುರುವಾಗುತ್ತದೆ. ಆರೇ ವಚನ, ಕೊನೆಗೆ ಹಾಡು. ಗಂಗಾವತಿಯ ಅಜ್ಜಿ ಕೇಳಿದ್ದೂ ಅದನ್ನೇ. ಪರೀಕ್ಷೆ ಫೇಲಾದ ಹುಡುಗಿ ಸುಮ್ನೆ "ಸ್ತೋತ್ರ" ಅಂದರೆ, ಅವಳು ಇನ್ನೂ ಬಾಗಿಲ ಹೊರಗೇ ನಿಂತಿದ್ದಾಳೆ ಅಂತ ನನಗನ್ನಿಸುತ್ತದೆ.

ಬಳ್ಳಾರಿಯಲ್ಲಿ ಇನ್ನೊಂದು ತೊಡಕು ಜಾಸ್ತಿ. ಎಷ್ಟೋ ಮಕ್ಕಳಿಗೆ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಮೊಬೈಲಿನಲ್ಲಿ ಇಂಗ್ಲಿಷ್ ಹಾಡು. ಯಾವುದರಲ್ಲಿ ಅಳು ಬರುತ್ತದೋ ಅದರಲ್ಲೇ ಪ್ರಾರ್ಥಿಸಲಿ. ತಿದ್ದಲು ಹೋಗಬೇಡಿ.

ಹಾಗಂತ "ಏನ್ ಗುರೂ" ಅಂತ ದೇವರನ್ನು ಕರೆಯುವುದು ನನಗೆ ಹಿಡಿಸುವುದಿಲ್ಲ. ಅಪ್ಪನ ಹತ್ತಿರ ಸಲುಗೆ ಇರುತ್ತದೆ, ಅದಕ್ಕೂ ಒಂದು ಅಳತೆ ಇರುತ್ತದೆ. ಅದನ್ನು ಯಾರೂ ಪಾಠ ಮಾಡುವುದಿಲ್ಲ, ಮಕ್ಕಳೇ ಕಲಿಯುತ್ತಾರೆ.

ಸರಿ, ಈಗ ಇಬ್ಬಿಬ್ಬರು ಎದುರಾಗಿ ಕೂತುಕೊಳ್ಳಿ. ಬೆಳಿಗ್ಗೆ ಮನೆಯಿಂದ ಹೊರಡುವಾಗ ಅವ್ವನಿಗೋ ಅಪ್ಪನಿಗೋ ಏನು ಹೇಳಿ ಬಂದಿರಿ, ಮೊದಲು ಅದನ್ನು ಒಬ್ಬರಿಗೊಬ್ಬರು ಹೇಳಿ. ಆಮೇಲೆ ಕಣ್ಣು ಮುಚ್ಚಿ ಅದೇ ದನಿಯಲ್ಲಿ ಮೂರು ಮಾತು ಪ್ರಾರ್ಥಿಸಿ. "ಸಲ್ಪಡಲಿ" ಬಂದರೆ ಎದುರಿನವರು ಮೆಲ್ಲಗೆ ಕೆಮ್ಮಬಹುದು.