ಗರಗಸ ತಾಗುವ ಮುನ್ನ: ಟ್ರೀ ಸರ್ಜನ್ ಜೊತೆ ಮಾಡಿಕೊಳ್ಳುವ ಕರಾರು

ಕೇಳುಗರೆಲ್ಲರಿಗೂ ನಮಸ್ಕಾರ.

ಮನೆಯ ಪಕ್ಕದಲ್ಲಿ ಬೆಳೆದು ನಿಂತ ಮರದ ಕೊಂಬೆಯೊಂದು ಚಾವಣಿಯ ಮೇಲೆ ಬಾಗಿದೆ, ಅಥವಾ ಮೇಲಿನ ಟೊಂಗೆ ಒಣಗಿ, ಗಾಳಿ ಬೀಸಿದಾಗಲೆಲ್ಲ ಇಂದು ಬೀಳುವುದೋ ನಾಳೆ ಬೀಳುವುದೋ ಎಂಬ ಅಂಜಿಕೆ ಹುಟ್ಟಿಸುತ್ತಿದೆ ಎಂದಿಟ್ಟುಕೊಳ್ಳಿ. ಆಗ ನಾವು ಹಗ್ಗ ಕಟ್ಟಿಕೊಂಡು ಮರವೇರುವ, ಯಂತ್ರದ ಗರಗಸ ಹಿಡಿಯಬಲ್ಲ, ಯಾವ ಕೊಂಬೆಯನ್ನು ಎಲ್ಲಿ ಕತ್ತರಿಸಿದರೆ ಮರ ಉಳಿಯುತ್ತದೆ ಎಂಬುದನ್ನು ಅರಿತ ಒಬ್ಬ ಕುಶಲಕರ್ಮಿಯನ್ನು ಕರೆಯುತ್ತೇವೆ. ಇಂಥವರನ್ನು ಟ್ರೀ ಸರ್ಜನ್ ಎನ್ನುತ್ತಾರೆ. ಅವರು ಬಂದು ಮರ ನೋಡಿ ದರ ಹೇಳುವಾಗ, ಸಾಮಾನ್ಯವಾಗಿ ಸೇವೆಯ ಷರತ್ತುಗಳೆಂಬ ಒಂದೆರಡು ಪುಟಗಳನ್ನೂ ಕೊಡುತ್ತಾರೆ. ನಮ್ಮಲ್ಲಿ ಹೆಚ್ಚಿನವರು ದರವನ್ನಷ್ಟೇ ನೋಡಿ ಆ ಪುಟಗಳನ್ನು ಮಡಚಿ ಇಟ್ಟುಬಿಡುತ್ತೇವೆ. ಇಂದಿನ ಭಾಷಣದಲ್ಲಿ ಆ ಪುಟಗಳನ್ನು ಬಿಡಿಸಿ ಓದುವ ಬಗೆಯನ್ನು ತಿಳಿಸಲು ಬಯಸುತ್ತೇನೆ.

ಗೋಡೆಗೆ ಹಚ್ಚಿದ ಬಣ್ಣ ಕೆಟ್ಟರೆ ಮತ್ತೆ ಹಚ್ಚಿಸಬಹುದು, ಕೊಳಾಯಿ ಸೋರಿದರೆ ಮತ್ತೆ ಬಿಗಿಸಬಹುದು. ಆದರೆ ಕತ್ತರಿಸಿದ ಕೊಂಬೆಯನ್ನು ಯಾವ ಷರತ್ತೂ ಮರಳಿ ಅಂಟಿಸಲಾರದು. ಅಮೆರಿಕದ ಅರಣ್ಯ ಇಲಾಖೆಯಲ್ಲಿ ಸಂಶೋಧಕರಾಗಿದ್ದ ಅಲೆಕ್ಸ್ ಶೈಗೊ ಅವರು ಮರಗಳನ್ನು ಉದ್ದುದ್ದಕ್ಕೆ ಸೀಳಿ ಒಳಗಿನ ಕೊಳೆತವನ್ನು ವರ್ಷಗಟ್ಟಲೆ ಪರೀಕ್ಷಿಸಿ, 1970ರ ದಶಕದಲ್ಲಿ ಒಂದು ಮಹತ್ವದ ವಿವರಣೆಯನ್ನು ಮುಂದಿಟ್ಟರು. ನಮ್ಮ ಚರ್ಮದಂತೆ ಮರದ ಗಾಯ ಮಾಯುವುದಿಲ್ಲ; ಮರವು ಗಾಯಗೊಂಡ ಭಾಗದ ಸುತ್ತ ಒಳಗೋಡೆಗಳನ್ನು ಕಟ್ಟಿ, ಕೊಳೆತವನ್ನು ಅಲ್ಲಿಯೇ ಕೂಡಿಹಾಕಿ, ಅದರ ಹೊರಗೆ ಹೊಸ ಕಟ್ಟಿಗೆಯನ್ನು ಬೆಳೆಸಿಕೊಳ್ಳುತ್ತದೆ. ಹಾಗಾಗಿ ಇಂದು ಮಾಡಿದ ಪ್ರತಿಯೊಂದು ಕತ್ತರಿಕೆಯೂ ಮರದೊಳಗೆ ಅದರ ಆಯುಷ್ಯ ಮುಗಿಯುವವರೆಗೆ ಉಳಿಯುತ್ತದೆ. ಟ್ರೀ ಸರ್ಜನ್ ಜೊತೆಗಿನ ಕರಾರಿನಲ್ಲಿ ಬೇರೆಲ್ಲ ಕಲಮುಗಳಿಗಿಂತ ಕೆಲಸದ ವಿವರಣೆಯ ಕಲಮೇ ದೊಡ್ಡದು ಎಂದು ನಾನು ಒತ್ತಿ ಹೇಳುವುದು ಈ ಕಾರಣಕ್ಕೆ. ತಪ್ಪಾದರೆ ಸರಿಪಡಿಸಿಕೊಡುತ್ತೇವೆ ಎಂಬ ಭರವಸೆ ಬೇಲಿಗೋ ಹೆಂಚಿಗೋ ಅನ್ವಯಿಸಬಹುದು. ಮರಕ್ಕೆ ಅದು ಅನ್ವಯಿಸುವುದಿಲ್ಲ.

ನನ್ನದೇ ಒಂದು ಅನುಭವವನ್ನು ಹೇಳುತ್ತೇನೆ. ಹಲವು ವರ್ಷಗಳ ಹಿಂದೆ ನಾನು ಸಹಿ ಹಾಕಿದ ಕಾಗದದಲ್ಲಿ "ಮರವನ್ನು ಸವರಿ ಕೊಡುವುದು" ಎಂಬ ಮೂರೇ ಮೂರು ಪದಗಳಿದ್ದವು. ಸಂಜೆ ನಾನು ಹಿಂದಿರುಗಿದಾಗ ಮರದ ನೆತ್ತಿಯೇ ಇರಲಿಲ್ಲ. ದಪ್ಪ ಕೊಂಬೆಗಳೆಲ್ಲ ಮೊಂಡಾಗಿ ಆಕಾಶಕ್ಕೆ ಚಾಚಿದ್ದವು. ಕೆಲಸಗಾರರು ಮೋಸ ಮಾಡಿರಲಿಲ್ಲ, ಅವರು ಸವರುವುದು ಎಂಬ ಮಾತನ್ನು ಹಾಗೆಯೇ ಅರ್ಥಮಾಡಿಕೊಂಡಿದ್ದರು. ಮುಂದಿನ ವರ್ಷ ಆ ಮೊಂಡುಗಳಿಂದ ಬಾಣದಂತೆ ಚಿಗುರುಗಳು ಹೊರಟವು, ನೋಡುವುದಕ್ಕೆ ಮರ ಮತ್ತೆ ತುಂಬಿಕೊಂಡಿತು. ಆದರೆ ಅಂಥ ಚಿಗುರುಗಳು ತೊಗಟೆಯ ಹತ್ತಿರದ ಪದರಗಳಿಗೆ ಮಾತ್ರ ಅಂಟಿಕೊಂಡಿರುತ್ತವೆ. ಕೆಳಗಿನ ಮೊಂಡು ಕೊಳೆಯುತ್ತ ಹೋದಂತೆ, ಮೇಲೆ ಬೆಳೆದು ಭಾರವಾದ ಅದೇ ಚಿಗುರುಗಳು ಮುರಿದು ಬೀಳುತ್ತವೆ. ಅಪಾಯ ತಪ್ಪಿಸಲು ಮಾಡಿಸಿದ ಕೆಲಸ ಕೆಲವೇ ವರ್ಷಗಳಲ್ಲಿ ಅದಕ್ಕಿಂತ ದೊಡ್ಡ ಅಪಾಯವನ್ನು ತಂದಿಟ್ಟಿತು.

ಹಾಗಾದರೆ ಕಾಗದದಲ್ಲಿ ಏನು ಬರೆದಿರಬೇಕು? ಮೊದಲು ಯಾವ ಮರ ಎಂಬುದು ನಿಸ್ಸಂದೇಹವಾಗಿ ಗೊತ್ತಾಗಬೇಕು. ಒಂದಕ್ಕಿಂತ ಹೆಚ್ಚು ಮರಗಳಿದ್ದರೆ ಒಂದು ಪುಟ್ಟ ನಕ್ಷೆ ಬರೆದು ಸಂಖ್ಯೆ ಹಾಕುವುದು ಉತ್ತಮ. ಅನಂತರ ಉದ್ದೇಶ ಏನೆಂಬುದು ಬರಬೇಕು: ಚಾವಣಿಯಿಂದ ಇಷ್ಟು ಮೀಟರ್ ಅಂತರ ಬಿಡಿಸುವುದಕ್ಕೋ, ಒಣಗಿದ ಟೊಂಗೆಗಳನ್ನು ಮಾತ್ರ ತೆಗೆಯುವುದಕ್ಕೋ, ನೆತ್ತಿಯ ಗಾತ್ರವನ್ನು ಕುಗ್ಗಿಸುವುದಕ್ಕೋ, ಮರವನ್ನು ಪೂರ್ತಿಯಾಗಿ ಉರುಳಿಸುವುದಕ್ಕೋ. ಗಾತ್ರ ಕುಗ್ಗಿಸುವುದಾದರೆ ಶೇಕಡಾ ಲೆಕ್ಕವೊಂದನ್ನೇ ಒಪ್ಪಬೇಡಿ. ಶೇಕಡಾ ಮೂವತ್ತು ಎಂದರೆ ಎತ್ತರದಲ್ಲೋ, ಅಗಲದಲ್ಲೋ, ಎಲೆಯ ರಾಶಿಯಲ್ಲೋ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಎಣಿಸುತ್ತಾರೆ. ಕೆಲಸ ಮುಗಿದ ಮೇಲೆ ಮರ ಎಷ್ಟು ಮೀಟರ್ ಎತ್ತರ, ಎಷ್ಟು ಮೀಟರ್ ಅಗಲ ಉಳಿದಿರಬೇಕು, ಎಷ್ಟು ದಪ್ಪಕ್ಕಿಂತ ಹೆಚ್ಚಿನ ಕೊಂಬೆಯನ್ನು ಮುಟ್ಟಬಾರದು ಎಂದು ಬರೆಸಿಕೊಂಡರೆ ಇಬ್ಬರಿಗೂ ಒಂದೇ ಅಳತೆಗೋಲು ಸಿಗುತ್ತದೆ. ಆರೋಗ್ಯವಂತ ಮರದಿಂದಲೂ ಒಂದು ವರ್ಷದಲ್ಲಿ ಎಲೆಯಿರುವ ಭಾಗದ ಕಾಲು ಪಾಲಿಗಿಂತ ಹೆಚ್ಚು ತೆಗೆಯದಿರುವುದು ಈ ವೃತ್ತಿಯಲ್ಲಿ ಬಹುಕಾಲದಿಂದ ನಡೆದುಬಂದ ಲೆಕ್ಕ. ಮುದಿಯಾದ ಅಥವಾ ಸೊರಗಿದ ಮರವಾದರೆ ಅದಕ್ಕಿಂತಲೂ ಕಡಿಮೆ ತೆಗೆಯಬೇಕು, ಏಕೆಂದರೆ ಮರಕ್ಕೆ ಎಲೆಯೇ ಅಡುಗೆಮನೆ.

ಕತ್ತರಿಸುವ ವಿಧಾನವೂ ಕಾಗದದಲ್ಲಿ ಇರಲಿ. ಕೊಂಬೆ ಕಾಂಡವನ್ನು ಸೇರುವಲ್ಲಿ ಉಬ್ಬಿದ ಒಂದು ಕೊರಳಿರುತ್ತದೆ. ಗಾಯವನ್ನು ಮುಚ್ಚುವ ಹೊಸ ಬೆಳವಣಿಗೆ ಅಲ್ಲಿಂದಲೇ ಹೊರಡುವುದು. ಆ ಕೊರಳನ್ನು ಕೆತ್ತದೆ, ಅದರ ಹೊರಗಡೆಯೂ ಉದ್ದನೆಯ ಮೊಂಡು ಬಿಡದೆ ಕತ್ತರಿಸಬೇಕು. ಭಾರದ ಕೊಂಬೆಯಾದರೆ ಮೊದಲು ಸ್ವಲ್ಪ ದೂರದಲ್ಲಿ ಕೆಳಗಿನಿಂದ ಗೀರು ಹಾಕಿ, ಬಳಿಕ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಯಲ್ಲಿ ಕೊರಳಿನ ಬಳಿ ಮೂರನೆಯ ಬಾರಿ ಕೊಯ್ಯುತ್ತಾರೆ. ಹಾಗೆ ಮಾಡದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನು ಉದ್ದಕ್ಕೂ ಸುಲಿದುಕೊಂಡು ಹೋಗುತ್ತದೆ. ಉಳಿಸಬೇಕಾದ ಮರವನ್ನು ಹತ್ತುವಾಗ ಬೂಟಿಗೆ ಕಟ್ಟುವ ಕಬ್ಬಿಣದ ಮುಳ್ಳುಗಳನ್ನು ಬಳಸಬಾರದು ಎಂಬುದನ್ನೂ ಬರೆಸಿಕೊಳ್ಳಿ. ಒಂದೊಂದು ಹೆಜ್ಜೆಗೂ ಒಂದೊಂದು ಗಾಯವಾಗುತ್ತದೆ. ಗಾಯಕ್ಕೆ ಬಣ್ಣ ಅಥವಾ ಡಾಂಬರು ಬಳಿಯುವುದು, ಪೊಟರೆಗೆ ಸಿಮೆಂಟು ತುಂಬುವುದು ಒಂದು ಕಾಲದಲ್ಲಿ ಈ ವೃತ್ತಿಯ ಮುಖ್ಯ ಕೆಲಸಗಳೇ ಆಗಿದ್ದವು. ಅವು ಕೊಳೆತವನ್ನು ತಡೆಯುವುದಿಲ್ಲವೆಂದು ತಿಳಿದ ಮೇಲೆ ಬಲ್ಲವರು ಅವನ್ನು ಕೈಬಿಟ್ಟಿದ್ದಾರೆ. ಯಾರಾದರೂ ಅದಕ್ಕೆ ಬೇರೆಯಾಗಿ ಹಣ ಕೇಳಿದರೆ ಅವರ ತಿಳಿವಳಿಕೆ ಹಳೆಯದೆಂದು ತಿಳಿಯಬಹುದು. ಇಷ್ಟೆಲ್ಲ ವಿವರ ಬರೆಯುವುದು ಕಷ್ಟವೆನಿಸಿದರೆ, ಬ್ರಿಟನ್ನಿನ ಬಿಎಸ್ 3998 ಅಥವಾ ಅಮೆರಿಕದ ಎಎನ್‌ಎಸ್‌ಐ ಎ300 ಎಂಬ ವೃತ್ತಿಮಾನಕಕ್ಕೆ ಅನುಗುಣವಾಗಿ ಕೆಲಸ ಮಾಡುತ್ತೇವೆ ಎಂಬ ಒಂದು ಸಾಲು ಇದೆಯೇ ನೋಡಿ.

ಇನ್ನು ಅಪ್ಪಣೆಯ ವಿಷಯ. ಮರ ನಮ್ಮ ನೆಲದಲ್ಲಿದ್ದರೂ ಅದನ್ನು ಕಡಿಯುವ ಹಕ್ಕು ಎಲ್ಲೆಡೆಯೂ ಪೂರ್ತಿಯಾಗಿ ನಮ್ಮದಲ್ಲ. ಉದಾಹರಣೆಗೆ ಇಂಗ್ಲೆಂಡಿನ ಸಂರಕ್ಷಿತ ಪ್ರದೇಶಗಳಲ್ಲಿ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ 75 ಮಿಲಿಮೀಟರಿಗಿಂತ ಹೆಚ್ಚು ದಪ್ಪವಿರುವ ಮರವನ್ನು ಮುಟ್ಟಬೇಕಾದರೆ ಸ್ಥಳೀಯ ಆಡಳಿತಕ್ಕೆ ಸಾಮಾನ್ಯವಾಗಿ ಆರು ವಾರ ಮೊದಲೇ ತಿಳಿಸಬೇಕು. ನಿಯಮ ಯಾವುದೇ ಇರಲಿ, ಅಪ್ಪಣೆಗೆ ಅರ್ಜಿ ಹಾಕುವವರು ಯಾರು, ಅದು ಬಾರದಿದ್ದರೆ ಮುಂಗಡದ ಗತಿ ಏನು ಎಂಬುದಕ್ಕೆ ಷರತ್ತುಗಳಲ್ಲಿ ಉತ್ತರವಿರಬೇಕು. ಎಲ್ಲ ಅಪ್ಪಣೆಗಳೂ ಗ್ರಾಹಕರ ಹೊಣೆ ಎಂದು ಬರೆದ ಕಾಗದಗಳು ಬಹಳ. ಅದನ್ನು ಓದದೆ ಸಹಿ ಹಾಕಿದವರು, ಎಲ್ಲವನ್ನೂ ಅವರೇ ನೋಡಿಕೊಂಡಿದ್ದಾರೆ ಎಂದು ನಂಬಿ ದಂಡ ತೆರಬೇಕಾಗುತ್ತದೆ. ಹಕ್ಕಿಗಳು ಮೊಟ್ಟೆಯಿಟ್ಟ ಗೂಡು ಸಿಕ್ಕರೆ, ಬಾವಲಿಗಳು ಪೊಟರೆಯಲ್ಲಿದ್ದರೆ ಕೆಲಸ ನಿಲ್ಲುತ್ತದೆ ಎಂಬ ಷರತ್ತು ಇದ್ದರೆ ಅದನ್ನು ಗ್ರಾಹಕರಿಗೆ ತೊಡಕೆಂದು ಎಣಿಸಬೇಡಿ. ಹಲವು ದೇಶಗಳಲ್ಲಿ ಅವುಗಳಿಗೆ ಹಾನಿ ಮಾಡುವುದು ಅಪರಾಧ, ಕಾನೂನು ಇಲ್ಲದ ಕಡೆಯೂ ಮರಿಗಳು ಹಾರಿಹೋಗುವವರೆಗೆ ಕಾಯುವುದು ನಮ್ಮಿಂದ ಆಗದ ಕೆಲಸವೇನಲ್ಲ. ಮರ ಗಡಿಯ ಮೇಲಿದ್ದರೆ ನೆರೆಯವರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯುವುದು ನಮ್ಮದೇ ಕೆಲಸ.

ವಿಮೆಯ ಕಲಮನ್ನು ಎಲ್ಲರೂ ದಾಟಿ ಹೋಗುತ್ತಾರೆ, ಆದರೆ ಅಲ್ಲಿ ಸ್ವಲ್ಪ ನಿಲ್ಲಬೇಕು. ಹಸಿ ಮರದ ಭಾರ ನಮ್ಮ ಊಹೆಗಿಂತ ಹೆಚ್ಚು. ಎಷ್ಟೋ ಗಟ್ಟಿಜಾತಿಯ ಮರಗಳ ಒಂದು ಘನ ಮೀಟರ್ ಹಸಿ ಕಟ್ಟಿಗೆ ಸುಮಾರು ಒಂದು ಟನ್ ತೂಗುತ್ತದೆ. ಅಂಥ ದಿಮ್ಮಿಯೊಂದು ಹಗ್ಗ ಜಾರಿ ನೆರೆಮನೆಯ ಚಾವಣಿಯ ಮೇಲೆ ಬಿದ್ದರೆ ಪರಿಹಾರ ಕೊಡುವವರು ಯಾರು, ಮೇಲಿನಿಂದ ಕೆಲಸಗಾರನೇ ಬಿದ್ದರೆ ಅವನ ಆಸ್ಪತ್ರೆಯ ವೆಚ್ಚ ಯಾರದು? ಮೊದಲನೆಯದಕ್ಕೆ ಹೊರಗಿನವರಿಗಾಗುವ ಹಾನಿಯ ವಿಮೆ ಬೇಕು, ಎರಡನೆಯದಕ್ಕೆ ಕೆಲಸಗಾರರ ವಿಮೆ ಬೇಕು; ಒಂದಿದ್ದರೆ ಇನ್ನೊಂದು ಇದೆಯೆಂದು ಅರ್ಥವಲ್ಲ. ವಿಮೆ ಇದೆ ಎಂದು ಷರತ್ತಿನಲ್ಲಿ ಬರೆದಿದ್ದರೆ ಸಾಲದು, ಪ್ರಮಾಣಪತ್ರವನ್ನೇ ಕೇಳಿ, ಕೆಲಸದ ದಿನಕ್ಕೆ ಅದು ಜಾರಿಯಲ್ಲಿರುತ್ತದೆಯೇ, ಎತ್ತರದಲ್ಲಿ ಯಂತ್ರದ ಗರಗಸ ಹಿಡಿದು ಮಾಡುವ ಕೆಲಸಕ್ಕೆ ಅನ್ವಯಿಸುತ್ತದೆಯೇ ಎಂದು ನೋಡಿ. ಕೆಲಸವನ್ನು ಬೇರೊಂದು ತಂಡಕ್ಕೆ ಒಪ್ಪಿಸುವ ಹಕ್ಕನ್ನು ಅವರು ಉಳಿಸಿಕೊಂಡಿದ್ದರೆ, ಆ ತಂಡಕ್ಕೂ ಇದೇ ವಿಮೆ ಇದೆಯೇ ಎಂದು ಕೇಳುವುದು ಸಂಕೋಚಪಡಬೇಕಾದ ಪ್ರಶ್ನೆಯಲ್ಲ. ಮರದ ಮೇಲೊಬ್ಬರು ಇರುವಷ್ಟು ಹೊತ್ತೂ, ಅಗತ್ಯ ಬಿದ್ದರೆ ಹತ್ತಿಹೋಗಿ ಅವರನ್ನು ಇಳಿಸಿ ತರಬಲ್ಲ ಇನ್ನೊಬ್ಬರು ಕೆಳಗೆ ಇರಲೇಬೇಕು. ಒಬ್ಬನೇ ಬಂದು ಮುಗಿಸಿಕೊಡುತ್ತೇನೆ, ಅರ್ಧ ದರ ಸಾಕು ಎನ್ನುವವರನ್ನು ಹತ್ತಲು ಬಿಡಬೇಡಿ.

ಗಾಳಿ ಮಳೆಯ ಕಲಮಿಗೆ ನನ್ನ ಪೂರ್ಣ ಬೆಂಬಲವಿದೆ. ಹವಾಮಾನ ಸರಿಯಿಲ್ಲದಿದ್ದರೆ ದಿನವನ್ನು ಮುಂದೂಡುವ ತೀರ್ಮಾನ ಹತ್ತುವವರದೇ ಆಗಿರಬೇಕು. ವಿಳಂಬಕ್ಕೆ ದಂಡ ಹಾಕುತ್ತೇನೆಂದು ಗ್ರಾಹಕರು ಪಟ್ಟು ಹಿಡಿಯುವುದು ಒಂದು ಜೀವವನ್ನು ಪಣಕ್ಕಿಟ್ಟಂತೆ. ಹಾಗೆಯೇ ನಮ್ಮ ಪಾಲಿನ ಹೊಣೆಗಳೂ ಇವೆ. ನೆಲದಡಿಯ ಕೊಳವೆ, ಕೇಬಲ್, ಮಲಗುಂಡಿ ಎಲ್ಲಿವೆ ಎಂದು ನಾವು ಮೊದಲೇ ತೋರಿಸಬೇಕು, ವಾಹನಗಳನ್ನು ತೆಗೆದು ದಾರಿ ಬಿಡಬೇಕು, ಮಕ್ಕಳನ್ನೂ ಸಾಕುಪ್ರಾಣಿಗಳನ್ನೂ ದೂರವಿಡಬೇಕು. ಮರದ ಬಳಿ ವಿದ್ಯುತ್ ತಂತಿ ಹಾದುಹೋಗಿದ್ದರೆ ವಿದ್ಯುತ್ ಕಡಿತಕ್ಕೆ ಕೇಳಿಕೊಳ್ಳುವವರು ಯಾರೆಂಬುದು ಹೆಸರಿಟ್ಟು ಬರೆದಿರಬೇಕು.

ಹಣದ ವಿಷಯದಲ್ಲಿ ಅಂದಾಜು ಮತ್ತು ದರಪತ್ರ ಎರಡೂ ಒಂದೇ ಅಲ್ಲವೆಂಬುದನ್ನು ಗಮನಿಸಬೇಕು. ಅಂದಾಜು ಬದಲಾಗಬಹುದು, ಒಪ್ಪಿದ ದರಪತ್ರ ಬದಲಾಗಬಾರದು. ಆದರೂ ಕಾಂಡದೊಳಗೆ ಹುದುಗಿದ ಮೊಳೆ, ಬೇಲಿ ತಂತಿ, ಕಾಂಕ್ರೀಟು ಸಿಕ್ಕರೆ ಹೆಚ್ಚುವರಿ ಹಣ ಕೇಳುವ ಷರತ್ತು ನ್ಯಾಯವಾದದ್ದೇ, ಏಕೆಂದರೆ ಒಂದು ಮೊಳೆ ಗರಗಸದ ಸರಪಳಿಯನ್ನು ಕ್ಷಣದಲ್ಲಿ ಹಾಳುಮಾಡುತ್ತದೆ. ಹೆಚ್ಚುವರಿ ಕೆಲಸಕ್ಕೆ ಮುನ್ನ ನಮ್ಮನ್ನು ಕೇಳಬೇಕು ಎಂಬ ಒಂದು ಮಾತನ್ನು ಮಾತ್ರ ಅದಕ್ಕೆ ಸೇರಿಸಿಕೊಳ್ಳಿ. ದಿಮ್ಮಿ ಯಾರದು, ರೆಂಬೆ ಎಲೆಗಳನ್ನು ಸಾಗಿಸುವವರು ಯಾರು ಎಂಬುದು ಚಿಕ್ಕ ವಿಷಯವೆನಿಸಿದರೂ ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ. ಮರ ಉರುಳಿಸುವ ದರದಲ್ಲಿ ಬೊಡ್ಡೆ ತೆಗೆಯುವುದು ಸಾಮಾನ್ಯವಾಗಿ ಸೇರಿರುವುದಿಲ್ಲ. ಬೊಡ್ಡೆಯನ್ನು ಯಂತ್ರದಿಂದ ಪುಡಿಮಾಡಿದರೂ ನೆಲದಡಿ ಒಂದಿಷ್ಟು ಆಳದವರೆಗೆ ಮಾತ್ರ ಹೋಗುತ್ತದೆ, ಬೇರುಗಳು ಅಲ್ಲಿಯೇ ಉಳಿಯುತ್ತವೆ. ಜೇಡಿಮಣ್ಣಿನ ನೆಲದಲ್ಲಿ ಕಟ್ಟಡದ ಪಕ್ಕದ ದೊಡ್ಡ ಮರವನ್ನು ತೆಗೆದರೆ, ಅದು ಹೀರುತ್ತಿದ್ದ ನೀರು ಮಣ್ಣಿನಲ್ಲೇ ನಿಂತು ನೆಲ ಉಬ್ಬಿ ಅಡಿಪಾಯಕ್ಕೆ ತೊಂದರೆಯಾಗುವ ಸಂಭವವೂ ಇದೆ; ಟ್ರೀ ಸರ್ಜನ್ ತಮ್ಮ ಷರತ್ತಿನಲ್ಲಿ ಆ ಹೊಣೆಯನ್ನು ಹೊರುವುದಿಲ್ಲವೆಂದು ಹೇಳಿರುತ್ತಾರೆ, ಅಂಥಲ್ಲಿ ಕಟ್ಟಡ ಬಲ್ಲ ಎಂಜಿನಿಯರರನ್ನು ಮೊದಲೇ ಕೇಳುವುದು ಒಳಿತು.

ಬಿರುಗಾಳಿ ಬೀಸಿದ ಮಾರನೆಯ ದಿನ ಬಾಗಿಲು ತಟ್ಟಿ, ನಿಮ್ಮ ಮರ ಇಂದೇ ಬೀಳುತ್ತದೆ, ಈಗಲೇ ಪೂರ್ತಿ ಹಣ ಕೊಟ್ಟರೆ ಕಡಿಯುತ್ತೇವೆ ಎನ್ನುವವರ ಬಗ್ಗೆ ಒಂದು ಮಾತು. ಮನೆಗೇ ಬಂದು ಮಾಡಿಕೊಂಡ ಒಪ್ಪಂದವನ್ನು ಬ್ರಿಟನ್ನಿನಲ್ಲಿಯೂ ಐರೋಪ್ಯ ಒಕ್ಕೂಟದ ದೇಶಗಳಲ್ಲಿಯೂ ಸಾಮಾನ್ಯವಾಗಿ 14 ದಿನಗಳೊಳಗೆ ರದ್ದುಮಾಡುವ ಹಕ್ಕು ಗ್ರಾಹಕರಿಗಿದೆ; ಆದರೆ ಕಾಯುವುದು ಬೇಡ, ಕೂಡಲೇ ಮಾಡಿ ಎಂದು ನಾವೇ ಬರೆದುಕೊಟ್ಟು ಕೆಲಸ ಮುಗಿದುಹೋದರೆ ಆ ಹಕ್ಕು ಉಳಿಯುವುದಿಲ್ಲ. ಅವಸರದಲ್ಲಿ ಮುಂದೊಡ್ಡಿದ ಕಾಗದದಲ್ಲಿ ಇರುವುದು ಹೆಚ್ಚಾಗಿ ಅದೇ ಸಾಲು. ನಿಜವಾದ ತುರ್ತಿನಲ್ಲಿ ಮುರಿದು ನೇತಾಡುವ ಕೊಂಬೆಯನ್ನಷ್ಟೇ ಇಳಿಸಿಕೊಳ್ಳಿ, ಉಳಿದ ಮರದ ತೀರ್ಮಾನವನ್ನು ಇನ್ನೊಬ್ಬ ಬಲ್ಲವರು ನೋಡಿ ಹೇಳಿದ ಮೇಲೆ ಮಾಡಿ.

ಕೊನೆಯದಾಗಿ ಕೆಲಸದ ದಿನದ ಬೆಳಗ್ಗೆ. ದರ ಹೇಳಿ ಹೋದವರು ಬೇರೆ, ಮರ ಹತ್ತುವವರು ಬೇರೆ ಆಗಿರುವುದು ಸಾಮಾನ್ಯ; ಕಚೇರಿಯಲ್ಲಿ ಸಹಿಯಾದ ಕಾಗದವನ್ನು ಹತ್ತುವವರು ನೋಡಿಯೇ ಇರುವುದಿಲ್ಲ. ಆದ್ದರಿಂದ ಆ ಹೊತ್ತಿಗೆ ನೀವು ಅಲ್ಲಿರಿ. ಕಾಗದ ಹಿಡಿದು ಅವರೊಡನೆ ಮರದ ಸುತ್ತ ಒಮ್ಮೆ ನಡೆಯಿರಿ, ಪ್ರತಿ ಸಾಲನ್ನೂ ಓದಿ ಆ ಕೊಂಬೆಯನ್ನು ಕೈತೋರಿಸಿ ಹೇಳಿ, ಉಳಿಯಬೇಕಾದ ಕೊಂಬೆಗಳಿಗೆ ಕೆಳಗಿನಿಂದ ಕಾಣುವಂಥ ಬಣ್ಣದ ಪಟ್ಟಿಯನ್ನು ಅವರ ಕೈಯಿಂದಲೇ ಕಟ್ಟಿಸಿ, ಅನಂತರ ಗರಗಸ ಚಾಲೂ ಮಾಡಲು ಹೇಳಿ.

ನಮಸ್ಕಾರ.